ಮೂರನೇ ಮಹಡಿಯ ಕಸವಿಲ್ಲದ ಹಬ್ಬ

ಹಿಂದಿನ ವರ್ಷ ಹಬ್ಬ ಮುಗಿದ ಮೇಲೆ ಆ ಕಟ್ಟಡದ ಗೇಟಿನ ಪಕ್ಕ ಬಿದ್ದಿದ್ದ ಕಸವನ್ನು ಲಾರಿಯವರು ಎತ್ತಲಿಲ್ಲ. ಹಸಿ ಕಸ ಒಣ ಕಸ ಎಲ್ಲ ಒಂದೇ ಚೀಲಕ್ಕೆ ತುರುಕಿದ್ದೀರಿ, ಬೇರೆ ಮಾಡಿ ಇಟ್ಟರೆ ಒಯ್ಯುತ್ತೇವೆ ಎಂದು ಹೇಳಿ ಹೊರಟುಹೋದರು. ಬಣ್ಣದ ಕಾಗದ, ಥರ್ಮೋಕೋಲ್ ತಟ್ಟೆ, ಎಲುಬು, ಕೇಕಿನ ಡಬ್ಬ ಎಲ್ಲ ರಾಶಿ ಬಿದ್ದು ಕೊಳೆತು, ಹಾಡಹಗಲಲ್ಲೇ ಇಲಿಗಳು ಓಡಾಡಿದವು. ಕೊನೆಗೆ ಮೆಟ್ಟಿಲು ಗುಡಿಸುವ ಹೆಂಗಸು ಬರಿಗೈಯಲ್ಲಿ ಕೂತು ಅಷ್ಟನ್ನೂ ಬೇರೆ ಮಾಡಿದಳು. ಆ ನಾತ ಯಾರೂ ಮರೆತಿರಲಿಲ್ಲ. ಹಾಗಾಗಿ ಈ ವರ್ಷ ನಿವಾಸಿಗಳ ಸಂಘ ಮುಂಚೆಯೇ ಸಭೆ ಸೇರಿ, ಈ ಸಲ ಕಸವಿಲ್ಲದ ಹಬ್ಬ ಎಂದು ತೀರ್ಮಾನಿಸಿತು. ಗೇಟಿನ ಬಳಿ ತಕ್ಕಡಿ ಇಡುವುದು, ಪ್ರತಿ ಮನೆಯ ಕಸ ತೂಗುವುದು, ಎಲ್ಲರಿಗಿಂತ ಕಡಿಮೆ ಹಾಕಿದ ಮನೆಗೆ ಬಹುಮಾನ. ಉಸ್ತುವಾರಿ ವಹಿಸಿಕೊಂಡವಳು ಮೂರನೇ ಮಹಡಿಯ ಸೊಸೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಹಿಡಿದ ಕೆಲಸ ಬಿಡದವಳು.

ಅವಳ ಮನೆಯಲ್ಲಿ ಆರು ಜನ. ಅತ್ತೆ, ಅಂದರೆ ಅಜ್ಜಿ. ಅಜ್ಜಿಯ ಮಗ, ಬಸ್ ಡಿಪೋದ ಸ್ಟೋರಿನಲ್ಲಿ ಬಿಡಿಭಾಗ ಕೊಡುವ ಕೆಲಸ. ಅವನ ಹೆಂಡತಿಯಾದ ಈ ಸೊಸೆ, ಅವರಿಬ್ಬರ ಒಬ್ಬಳೇ ಹುಡುಗಿ ಚಿನ್ನಿ. ಇನ್ನಿಬ್ಬರೆಂದರೆ ಅಜ್ಜಿಯ ಮಗಳು ಮತ್ತು ಅವಳ ಎಂಟು ವರ್ಷದ ಹುಡುಗಿ ಗುಬ್ಬಿ. ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ ಮೇಲೆ, ನಾಲ್ಕು ದಿನ ಇದ್ದು ಹೋಗ್ತೀನಿ ಎಂದು ಬಂದ ಮಗಳು ಇಲ್ಲೇ ಉಳಿದುಬಿಟ್ಟಿದ್ದಳು. ಹಗಲು ಲಾಂಡ್ರಿಯಲ್ಲಿ ಇಸ್ತ್ರಿ. ಅದರ ಹಿಂದೆ ಮುಂದೆ ಮನೆಯ ಅಡಿಗೆ, ಪಾತ್ರೆ, ನೀರು. ರಾತ್ರಿ ಹಾಲ್‌ನಲ್ಲಿ ಅಜ್ಜಿಯ ಮಂಚದ ಪಕ್ಕ ತಾಯಿ ಮಗುವಿನ ಹಾಸಿಗೆ.

ಸಭೆ ಮುಗಿಸಿ ಬಂದ ದಿನ ಊಟಕ್ಕೆ ಕೂತಾಗ ಸೊಸೆ ನಿಯಮ ಹೇಳಿದಳು.

"ಇವತ್ತಿಂದ ಈ ಮನೇಲಿ ಯಾವುದೂ ಸುಮ್ಮನೆ ಬುಟ್ಟಿಗೆ ಹೋಗಬಾರದು. ನಿನ್ನೆದು ಮುಗಿಯೋವರೆಗೆ ಇವತ್ತಿನದು ಮುಟ್ಟೋ ಹಾಗಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲ, ಬಣ್ಣದ ಕಾಗದ ಇಲ್ಲ, ಒಂದು ದಿನ ನೇತುಹಾಕಿ ಎಸೆಯೋ ಅಲಂಕಾರ ಇಲ್ಲ. ಇರೋದ್ರಲ್ಲೇ ಹಬ್ಬ."

"ನಮ್ಮ ಕಾಲದಲ್ಲಿ ಎಸೆಯೋಕೆ ಏನಿತ್ತು?" ಎಂದಳು ಅಜ್ಜಿ. "ಬಟ್ಟೆ ಹರಿದರೆ ದಿಂಬಿನ ಚೀಲ, ಚೀಲ ಹರಿದರೆ ಮಸಿಬಟ್ಟೆ."

"ನಾನೂ ಅದನ್ನೇ ಹೇಳ್ತಿರೋದು ಅತ್ತೆ."

"ನೀನು ಹೇಳಿದರೆ ಸಭೆ ಮಾಡಿ ಚಪ್ಪಾಳೆ ತಟ್ತಾರೆ. ನಾನು ಹೇಳಿದಾಗ ಜಿಪುಣಿ ಅಂದಿದ್ರಿ."

ಮಗ ನಕ್ಕ. ಹೆಂಡತಿಯ ಮುಖ ನೋಡಿ ಅನ್ನ ಕಲಸತೊಡಗಿದ.

"ನನಗೂ ಹೊಸ ಬಟ್ಟೆ ಇಲ್ವಾ?" ಎಂದಳು ಚಿನ್ನಿ.

"ಯಾರಿಗೂ ಇಲ್ಲ."

"ಅತ್ತೆಗೂ ಗುಬ್ಬಿಗೂ ಹೇಗೂ ಯಾರೂ ಕೊಡಿಸಲ್ಲ. ಅವರಿಗೇನು ಕಷ್ಟ?"

"ಹಾಗೆಲ್ಲ ಮಾತಾಡಬಾರದು," ಎಂದಳು ಸೊಸೆ, ನಗು ತಡೆದುಕೊಂಡು. ಅಜ್ಜಿಯ ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ನಿಯಮ ಎಲ್ಲರಿಗೂ ಒಂದೇ ಎಂದಾಗಿತ್ತು. ಆದರೆ ಮಗ ಡಿಪೋದಲ್ಲಿ ಹತ್ತು ಜನರ ಮಧ್ಯೆ ಊಟದ ಡಬ್ಬಿ ತೆರೆಯುವವನು, ಅವನಿಗೆ ಹಳೆಯದು ಕಟ್ಟಿಕೊಟ್ಟರೆ ಚೆನ್ನಾಗಿರುವುದಿಲ್ಲ. ಚಿನ್ನಿ ಬೆಳೆಯುವ ಹುಡುಗಿ. ಅಜ್ಜಿಗೆ ವಯಸ್ಸಾಗಿದೆ, ಹೊಟ್ಟೆ ಸೂಕ್ಷ್ಮ. ಸೊಸೆ ಗಂಟಲು ಹರಿದು ಪಾಠ ಮಾಡುವವಳು, ತಂಗಳು ತಿಂದರೆ ದನಿ ಕೂರುತ್ತದೆ. ಇನ್ನು ಉಳಿದವರು ಇಬ್ಬರು.

ಮಗಳು ಲಾಂಡ್ರಿಯಿಂದ ಬಂದು ಎಲ್ಲರಿಗೂ ಬಿಸಿ ಅಡಿಗೆ ಮಾಡಿ ಬಡಿಸಿ, ಫ್ರಿಜ್ಜಿನಿಂದ ಸಣ್ಣ ಡಬ್ಬಿಗಳನ್ನು ತೆಗೆದು ತನಗೂ ಗುಬ್ಬಿಗೂ ಕಾಯಿಸಿಕೊಳ್ಳುತ್ತಿದ್ದಳು. ಬರಬರುತ್ತ ಅದೇ ಒಂದು ಕೈಗೆಲಸವಾಯಿತು. ಗಟ್ಟಿಯಾದ ಅನ್ನಕ್ಕೆ ಬಿಸಿನೀರು ಚಿಮುಕಿಸಿ ಮೆತ್ತಗೆ ಮಾಡುವುದು, ಬಾಡಿದ ತರಕಾರಿಗೆ ಈರುಳ್ಳಿ ಹಾಕಿ ಬಾಡಿಸುವುದು, ವಾಸನೆ ಬರುವ ಬೇಳೆಗೆ ಮೆಣಸು ಕುಟ್ಟಿ ನಿಂಬೆ ಹಿಂಡುವುದು. ಗುಬ್ಬಿ ಒಂದು ದಿನ ಎಲ್ಲರೆದುರೂ ಕೇಳಿದಳು.

"ಅಮ್ಮ, ಅವರದು ಬುಧವಾರದ ಊಟ. ನಮ್ಮದು ಯಾಕೆ ಸೋಮವಾರದ್ದು?"

"ಹೊಟ್ಟೆಗೆ ವಾರ ತಿಥಿ ಗೊತ್ತಾಗಲ್ಲ ಪುಟ್ಟಾ," ಎಂದಳು ಸೊಸೆ. "ನೀನು ಒಂದು ತುತ್ತು ಉಳಿಸಿದರೂ ಭೂಮಿಗೆ ಭಾರ."

"ಮಾಮನ ತಟ್ಟೇಲಿ ಎರಡು ತುಂಡು ಉಳಿದಿದೆ."

ಮಾಮ ತಟ್ಟೆ ನೋಡಿಕೊಂಡ. "ಅದನ್ನೂ ನೀನೇ ತಿನ್ನು," ಎಂದು ಅವಳ ಕಡೆ ಸರಿಸಿದ. ಅವನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಗುಬ್ಬಿ ತಿಂದಳು.

ಅಂದು ಪಾತ್ರೆ ತೊಳೆಯುವಾಗ ಮಗಳು ಅಜ್ಜಿಯನ್ನು ಕೇಳಿದಳು. "ಅಮ್ಮ, ನೀನಾದ್ರೂ ಒಂದು ಮಾತು ಹೇಳಬಾರದಾ?"

"ಹೇಳಿ? ನನ್ನ ಮಂಚ ಯಾರ ಮನೇಲಿದೆ? ನಾಳೆ ನಾನು ಹಾಸಿಗೆ ಹಿಡಿದರೆ ಬಳಿಯೋಳು ಅವಳು. ನಿನ್ನನ್ನು ನಂಬಿಕೊಂಡರೆ ಇಬ್ಬರೂ ಬೀದಿ ಪಾಲು." ಅಜ್ಜಿ ಸ್ಟೂಲಿನ ಮೇಲೆ ಕಾಲು ನೀವಿಕೊಂಡಳು. "ಬಾಯಿಗೆ ಬೀಗ ಹಾಕ್ಕೊಂಡು ತಿನ್ನು. ಹೊರಗೆ ಕೆಲಸ ಮಾಡಿ ಬರ್ತೀಯ, ಹಸಿವು ಇರುತ್ತೆ, ಏನಾಗಲ್ಲ."

ಹಬ್ಬ ಹತ್ತಿರವಾದಂತೆ ಲಾಂಡ್ರಿಯಲ್ಲಿ ಬಟ್ಟೆಯ ರಾಶಿ ಮೇಜು ಮೀರಿತು. ಜನ ಹಳೆಯ ಕೋಟು, ಪರದೆ, ಮೇಜುವಸ್ತ್ರ ಎಲ್ಲ ತಂದು ಹಾಕುತ್ತಿದ್ದರು. ಹಬೆ ಯಂತ್ರದ ಎದುರು ನಿಂತು ಮಗಳ ಮುಖ ಕೆಂಪಗೆ ಊದಿಕೊಳ್ಳುತ್ತಿತ್ತು. ಭಾನುವಾರವೂ ಬಂದರೆ ಬೇರೆ ಕೂಲಿ ಎಂದ ಮಾಲೀಕ. ಅವಳು ಬಂದಳು. ಆ ದುಡ್ಡಿನಲ್ಲಿ ಗುಬ್ಬಿಗೆ ಒಂದು ಕೆಂಪು ಫ್ರಾಕು ಕೊಂಡು, ಅಂಗಡಿಯ ಕವರಿನ ಸಮೇತ ಹಾಸಿಗೆ ಸುರುಳಿಯೊಳಗೆ ಅಡಗಿಸಿಟ್ಟಳು.

ಅದೇ ವಾರ ಚಿನ್ನಿಗೆ ಬಿಳಿ ಲೇಸಿನ ಉದ್ದ ಫ್ರಾಕು ಬಂತು. ಶಾಲೆಯ ಗುಂಪುಗಾಯನದಲ್ಲಿ ಮುಂದಿನ ಸಾಲು ಅವಳದು.

"ಹೊಸ ಬಟ್ಟೆ ಇಲ್ಲ ಅಂದಿದ್ದೆ?" ಎಂದ ಮಗ.

"ಅದು ಹಬ್ಬದ ಬಟ್ಟೆ ಅಲ್ಲ, ಸ್ಟೇಜಿಂದು. ಟೀಚರ್ ಮಗಳು ಹಳೇದು ಹಾಕ್ಕೊಂಡು ಸ್ಟೇಜ್ ಮೇಲೆ ನಿಂತರೆ ನಗ್ತಾರೆ. ಇವಳ ಹಸಿರು ಫ್ರಾಕು ಗುಬ್ಬಿಗೆ ಆಗುತ್ತೆ. ಎಸೆದ ಹಾಗೂ ಆಗಲ್ಲ, ಮಗುವಿಗೆ ಉಡುಗೊರೆ ಕೊಟ್ಟ ಹಾಗೂ ಆಗುತ್ತೆ."

ಹಸಿರು ಫ್ರಾಕಿನ ಎದೆಯ ಮೇಲೆ ಅಂಗೈ ಅಗಲದ ಹಳದಿ ಕಲೆ. ಹಿಂದೊಮ್ಮೆ ಚಿನ್ನಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದು. ಮಗಳು ಅದನ್ನು ಲಾಂಡ್ರಿಗೆ ಒಯ್ದು ಇದ್ದಬದ್ದ ಪುಡಿಯೆಲ್ಲ ಹಾಕಿ ಉಜ್ಜಿದಳು. ಬಣ್ಣ ಹೋಯಿತು, ಕಲೆ ಹೋಗಲಿಲ್ಲ. ಅದರ ಮೇಲೆ ಒಂದು ಬಟ್ಟೆಯ ಹೂವು ಹೊಲಿದಳು.

ಕೆಂಪು ಫ್ರಾಕನ್ನು ಪತ್ತೆ ಹಚ್ಚಿದವಳು ಚಿನ್ನಿ. ಹಾಸಿಗೆ ಸುರುಳಿಯ ಮೇಲೆ ಕುಣಿಯುವಾಗ ಪ್ಲಾಸ್ಟಿಕ್ ಕವರು ಚರಪರ ಎಂದಿತು. ಎಳೆದು ತಂದು ಊಟದ ಮೇಜಿನ ಮೇಲೆ ಇಟ್ಟಳು.

"ಇದೇನು?" ಎಂದಳು ಸೊಸೆ.

"ಗುಬ್ಬಿಗೆ ತಂದೆ, ಅತ್ತಿಗೆ. ಭಾನುವಾರದ ಕೂಲಿಯಲ್ಲಿ."

"ಕೂಲಿ ಯಾವುದಾದರೇನು? ನಾನು ಮನೆ ಮನೆಗೆ ಹೋಗಿ ಕೊಳ್ಳಬೇಡಿ ಅಂತ ಹೇಳಿ ಬರ್ತೀನಿ, ನನ್ನ ಮನೇಲೇ ಹಾಸಿಗೆ ಕೆಳಗೆ ಕದ್ದು ಇಡ್ತೀಯ? ನೋಡು, ಕವರ್ ಬೇರೆ, ಒಳಗೆ ರಟ್ಟು ಬೇರೆ, ಕಾಲರಿಗೆ ಪ್ಲಾಸ್ಟಿಕ್ ಬೇರೆ."

"ಚಿನ್ನಿಗೆ ತಂದ್ರಲ್ಲ."

ಸೊಸೆ ಚಮಚ ಕೆಳಗಿಟ್ಟಳು.

"ಚಿನ್ನಿಗೆ ಅವಳಪ್ಪನ ದುಡ್ಡಲ್ಲಿ ಬಂದಿದ್ದು. ಗುಬ್ಬಿಗೂ ಅವಳಪ್ಪನೇ ತಂದುಕೊಡಲಿ. ಯಾರು ಬೇಡ ಅಂತಾರೆ?"

ಮಗಳು ಅಣ್ಣನ ಕಡೆ ನೋಡಿದಳು. ಅವನು ಬಹಳ ಹೊತ್ತು ನೀರು ಕುಡಿದ. "ಹಬ್ಬದ ಹೊತ್ತಲ್ಲಿ ಜಗಳ ಬೇಡ," ಎಂದ. "ಬಿಲ್ ಇದ್ದರೆ ವಾಪಸ್ ತಗೋತಾರೆ. ಕೊಟ್ಟುಬಿಡು."

ಮರುದಿನ ಮಗಳು ಗುಬ್ಬಿಯನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಫ್ರಾಕನ್ನು ತಿರುಗಿಸಿ ನೋಡಿ, ತೊಟ್ಟಿಲ್ಲ ತಾನೆ ಎಂದು ಕೇಳಿದ. ಗುಬ್ಬಿಯೇ ಹೇಳಿದಳು, "ಇಲ್ಲ, ನಾನು ನೋಡಿದ್ದು ಅಷ್ಟೇ."

ಆ ದಿನಗಳಲ್ಲಿ ಮಗಳ ಜೊತೆ ಸರಿಯಾಗಿ ಮಾತಾಡುತ್ತಿದ್ದವಳು ಗುಡಿಸುವ ಹೆಂಗಸು ಒಬ್ಬಳೇ. ಕಟ್ಟಡದವರು ಅವಳನ್ನು ಮೆಟ್ಟಿಲಿನವಳು ಎಂದೇ ಕರೆಯುತ್ತಿದ್ದರು. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಬಂದರೆ ಬಂದ. ನೀರಿನ ಪಂಪಿನ ಪಕ್ಕ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಎರಡು ಚಿಕ್ಕ ಗಂಡುಮಕ್ಕಳ ಜೊತೆ ಇದ್ದಳು. ಲಾಂಡ್ರಿಯಿಂದ ಬರುವಾಗ ಮಗಳು ಅಲ್ಲಿ ಎರಡು ನಿಮಿಷ ಕೂತರೆ ಅರ್ಧ ಲೋಟ ಟೀ ಸಿಗುತ್ತಿತ್ತು.

"ಈ ಸಲ ಕಸ ಕಡಿಮೆ, ನಿನಗೆ ಕೆಲಸ ಹಗುರ," ಎಂದಳು ಮಗಳು.

"ಎಲ್ಲಿಯ ಹಗುರ ಅಕ್ಕಾ? ತಕ್ಕಡಿಗೆ ಹೆದರಿ ಎಲ್ಲರೂ ಎದುರಿನ ಚರಂಡಿಗೆ ಹಾಕ್ತಾವ್ರೆ. ಅಲ್ಲಿಂದ ಎತ್ತೋಳೂ ನಾನೇ."

ಹಬ್ಬದ ದಿನ ಮಧ್ಯಾಹ್ನ ತಾರಸಿಯ ಮೇಲೆ ಎಲ್ಲ ಮನೆಗಳ ಊಟ. ಹಳೆಯ ಬಟ್ಟೆ ಕತ್ತರಿಸಿ ಕಟ್ಟಿದ ತೋರಣ, ಶಾಲೆಯಿಂದ ತಂದ ಸ್ಟೀಲ್ ತಟ್ಟೆ. ಪ್ರತಿ ಮನೆಯಿಂದ ಒಂದೊಂದು ಅಡಿಗೆ. ಮೂರನೇ ಮಹಡಿಯದು ಕೆನೆ ಹಾಕಿದ ಕೋಳಿ. ಸೊಸೆ ಹೇಳಿದ್ದು, ಮಗಳು ಮಾಡಿದ್ದು. ಒಪ್ಪಿಕೊಳ್ಳಬೇಕು, ನೋಡಲು ಚೆನ್ನಾಗಿತ್ತು. ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ಒಂದು ಕಾಗದದ ಲೋಟ ಕೂಡ ಕಾಣುತ್ತಿಲ್ಲವಲ್ಲ ಎಂದು ಮನಸಾರೆ ಹೊಗಳಿದರು. ಸೊಸೆಯನ್ನು ನಾಲ್ಕು ಮಾತಾಡಲು ಕರೆದರು.

ಸೊಸೆ ಗೊಬ್ಬರದ ಡಬ್ಬಿಯ ಬಗ್ಗೆ ಹೇಳಿದಳು, ಉಡುಗೊರೆ ಸುತ್ತಲು ಹಳೆ ಬಟ್ಟೆ ಬಳಸುವ ಬಗ್ಗೆ ಹೇಳಿದಳು. ಆಮೇಲೆ, "ಮಾತಿಗಿಂತ ಕಣ್ಣಾರೆ ನೋಡಿ," ಎಂದು ಗುಬ್ಬಿಯ ಕೈ ಹಿಡಿದು ಮಧ್ಯಕ್ಕೆ ಕರೆತಂದು, ಕುರ್ಚಿಯ ಮೇಲೆ ನಿಲ್ಲಿಸಿದಳು.

"ಈ ಮಗು ಇವತ್ತು ತೊಟ್ಟಿರೋದ್ರಲ್ಲಿ ಒಂದೂ ಕೊಂಡದ್ದಲ್ಲ. ಫ್ರಾಕು, ನಾವು ಎಸೆಯೋಕೆ ಇಟ್ಟಿದ್ದು. ಬೆಲ್ಟು, ಇವಳ ಮಾಮನ ಹಳೇದು, ಕತ್ತರಿಸಿದ್ದು. ಬೂಟು ಎರಡನೇ ಮಹಡಿಯವರ ಬುಟ್ಟಿಯಿಂದ ನಾನೇ ಎತ್ತಿಕೊಂಡಿದ್ದು. ತಿರುಗು ಪುಟ್ಟಾ, ಹಿಂದೆ ತೋರಿಸು."

ಗುಬ್ಬಿ ತಿರುಗಿದಳು. ಯಾರೋ ಫೋನಿನಲ್ಲಿ ಫೋಟೋ ತೆಗೆದರು.

"ಆ ಹೂವು ಕಿತ್ತು ನೋಡಿ," ಎಂದಳು ಚಿನ್ನಿ, ಬಿಳಿ ಲೇಸಿನ ತುದಿ ಎತ್ತಿ ಹಿಡಿದು ನಿಂತಿದ್ದವಳು. "ಅದರ ಕೆಳಗೆ ನನ್ನ ವಾಂತಿ ಇದೆ."

ಮಕ್ಕಳು ಹೋ ಎಂದು ನಕ್ಕವು. ದೊಡ್ಡವರು ನಗಬಾರದೆಂದು ಚಪ್ಪಾಳೆ ತಟ್ಟಿದರು. ಗುಬ್ಬಿ ಅಮ್ಮನನ್ನು ಹುಡುಕಿದಳು. ಅಮ್ಮ ದೂರದಲ್ಲಿ ಕೋಳಿಯ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು. ಅಜ್ಜಿ ಹತ್ತಿರದ ಕುರ್ಚಿಯಿಂದ, "ನಗು, ನಗು," ಎಂದು ಸನ್ನೆ ಮಾಡಿದಳು. ಗುಬ್ಬಿ ನಕ್ಕಳು. ಸಂಜೆಯೊಳಗೆ ಕಟ್ಟಡದ ಮಕ್ಕಳಿಗೆಲ್ಲ ಅವಳು ಕಸದ ಗುಬ್ಬಿಯಾದಳು.

ಫ್ರಾಕು ಬಿಚ್ಚುವಾಗ ಮಗಳು ಸೊಸೆಯನ್ನು ಕೇಳಿದಳು. "ಕುರ್ಚಿ ಮೇಲೆ ನಿಲ್ಲಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಅವಳಿಗೆ ಅಷ್ಟು ಜನ ಚಪ್ಪಾಳೆ ಹೊಡೆದಿದ್ದು ಜನ್ಮದಲ್ಲಿ ಇದೇ ಮೊದಲು," ಎಂದಳು ಸೊಸೆ. "ಸಂತೋಷ ಪಡೋದು ಕಲಿ."

ಕೋಳಿಯ ಪಾತ್ರೆಯಲ್ಲಿ ಅರ್ಧದಷ್ಟು ಉಳಿದಿತ್ತು. ಬಿಸಿಲು ಇಳಿಯುವವರೆಗೆ ಅದು ತಾರಸಿಯಲ್ಲೇ ಇತ್ತು. ಕೆಳಗೆ ತಂದಾಗ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಮಾರನೆ ಸಂಜೆ ಮಗಳು ಮುಚ್ಚಳ ತೆಗೆದು ಮುಖ ಹಿಂದೆ ಸರಿಸಿದಳು. ಅಜ್ಜಿ ಅಡಿಗೆಮನೆಯ ಸ್ಟೂಲಿನಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ಇದು ಹುಳಿ ಬಂದಿದೆ ಅತ್ತಿಗೆ."

ಸೊಸೆ ಬಾಗಿಲಲ್ಲೇ ನಿಂತು, "ಕೆನೆ ಹಾಕಿದ್ದು ಹಾಗೇ ಇರುತ್ತೆ," ಎಂದಳು.

"ನೊರೆ ಬಂದಿದೆ. ಎಸೆಯೋಣ."

"ಎಸೆದು? ನಾಳೆ ಕೊನೇ ತೂಕ. ಇಷ್ಟನ್ನೂ ತಕ್ಕಡಿಗೆ ಹಾಕಿ, ಎರಡನೇ ಮಹಡಿಯವಳ ಎದುರಿಗೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?"

"ಟಾಯ್ಲೆಟ್ಟಿಗೆ ಸುರೀತೀನಿ."

"ಎಲುಬು ಸಮೇತ? ಹೋದ ಸಲ ಪೈಪು ಕಟ್ಟಿಕೊಂಡಾಗ ಯಾರ ಹೆಸರು ಬಂತು ಮರೆತುಹೋಯ್ತಾ?"

"ಮತ್ತೆ ಏನು ಮಾಡಲಿ?"

"ಚೆನ್ನಾಗಿ ಕುದಿಸಿ ನೀನೂ ಗುಬ್ಬೀನೂ ತಿನ್ನಿ. ಅಷ್ಟು ನಾಲಿಗೆ ರುಚಿ ಇದ್ದರೆ ಕೆಳಗೆ ಮೆಟ್ಟಿಲಿನವಳಿಗೆ ಕೊಡು. ಅವರಿಗೆಲ್ಲ ಜೀರ್ಣ ಆಗುತ್ತೆ."

ಅಜ್ಜಿ ಬಟಾಣಿ ಸುಲಿಯುತ್ತಲೇ ಇದ್ದಳು. ಒಂದು ಕಾಳು ಉರುಳಿ ಒಲೆಯ ಕೆಳಗೆ ಹೋಯಿತು. ಅದನ್ನು ತೆಗೆದುಕೊಡು ಎಂದು ಮಗಳಿಗೆ ಹೇಳಿದಳು.

ಮಗಳು ಪಾತ್ರೆಯನ್ನು ಒಲೆಯ ಮೇಲಿಟ್ಟಳು. ವಾರಗಟ್ಟಲೆ ಮಾಡಿ ಕೈಗೆ ಬಂದ ಕೆಲಸ. ನೊರೆ ತೆಗೆದಳು, ಕುದಿಸಿದಳು, ಮೆಣಸು ಕುಟ್ಟಿ ಹಾಕಿದಳು, ಈರುಳ್ಳಿ ಹುರಿದು ಸುರಿದಳು, ಇಳಿಸಿ ನಿಂಬೆ ಹಿಂಡಿದಳು. ವಾಸನೆ ಬಹಳ ಮಟ್ಟಿಗೆ ಅಡಗಿತು. ಪಾತ್ರೆ ಹಿಡಿದು ಮೆಟ್ಟಿಲಿಳಿದಳು. ಗೇಟಿನ ಆಚೆ ಚರಂಡಿ ಇತ್ತು, ಅಲ್ಲಿಯವರೆಗೆ ಹೋಗಬಹುದಿತ್ತು. ಆದರೆ ಮೆಟ್ಟಿಲಿನವಳು ಕೆಳಗಿನ ಮೆಟ್ಟಿಲಲ್ಲೇ ಕೂತು ಚಿಕ್ಕವನ ತಲೆ ಬಾಚುತ್ತಿದ್ದಳು. ಪಾತ್ರೆ ಕಂಡು ಎದ್ದು ನಿಂತಳು.

"ಹಬ್ಬದ ಊಟ," ಎಂದಳು ಮಗಳು. "ತಗೋ."

"ಇಷ್ಟೊಂದಾ? ನೀವು ತಿಂದ್ರಾ ಅಕ್ಕಾ?"

"ನಾವೂ ತಿಂದ್ವಿ. ತುಂಬ ಇತ್ತು."

ಮೆಟ್ಟಿಲಿನವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಪಾತ್ರೆ ಇಸಿದುಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಳು. ಚಿಕ್ಕವನು ಪಾತ್ರೆಯ ಅಂಚು ಹಿಡಿದು ಕುಣಿದ. ಅಣ್ಣನ ಮನೆಗೆ ಬಂದ ಮೇಲೆ ಮಗಳು ಯಾರಿಗೂ ಏನನ್ನೂ ಕೊಟ್ಟವಳಲ್ಲ. ಮೇಲೆ ಹತ್ತುವಾಗ ಅವಳ ಬೆನ್ನು ನೆಟ್ಟಗಾಗಿತ್ತು. ಅಂದು ಅತ್ತಿಗೆಯನ್ನು ಕೇಳದೆ ಹೊಸ ಬ್ರೆಡ್ಡಿನ ಪೊಟ್ಟಣ ಒಡೆದು ಗುಬ್ಬಿಗೆ ಬೆಣ್ಣೆ ಸವರಿ ಕೊಟ್ಟಳು.

ಬೆಳಗ್ಗೆ ಮೆಟ್ಟಿಲು ಗುಡಿಸಿರಲಿಲ್ಲ. ಹಾಲಿನವನು ಕೆಳಗಿನ ಕೋಣೆಯ ಬಾಗಿಲು ತಳ್ಳಿ ನೋಡಿ ಕೂಗಿಕೊಂಡ. ತಾಯಿ, ಮಕ್ಕಳು ಮೂವರೂ ವಾಂತಿಯ ಮಧ್ಯೆ ಬಿದ್ದಿದ್ದರು. ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಸಾಗಿಸಿದರು. ದೊಡ್ಡವನು ಬೇಗ ಚೇತರಿಸಿಕೊಂಡ. ಚಿಕ್ಕವನಿಗೆ ಎಚ್ಚರವೇ ಇಲ್ಲ, ಡ್ರಿಪ್ ಹಾಕಿದ್ದಾರೆ ಎಂದು ಸುದ್ದಿ ಬಂತು.

ಎಲ್ಲಿಂದಲೋ ಲಾರಿ ಬಿಟ್ಟು ಓಡಿಬಂದ ಗಂಡ ಗೇಟಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದ. ಯಾವ ಮನೆಯವರು ವಿಷ ಹಾಕಿದ್ದು, ಹೊರಗೆ ಬನ್ನಿ ಎಂದ. ಪೊಲೀಸಿಗೆ ಹೋಗ್ತೀನಿ ಎಂದ. ಅಧ್ಯಕ್ಷರು ಅವನನ್ನು ಸಮಾಧಾನ ಮಾಡಿ, ಆಸ್ಪತ್ರೆಯ ಖರ್ಚು ಸಂಘದ್ದು ಎಂದು ಕಳಿಸಿ, ಮೂರನೇ ಮಹಡಿಗೆ ಬಂದರು. ಜೊತೆಗೆ ಎರಡನೇ ಮಹಡಿಯವರೂ ಬಂದರು. ಮಗ ಎಲ್ಲರಿಗೂ ಕುರ್ಚಿ ಹಾಕಿದ.

"ಪಾತ್ರೆ ನಿಮ್ಮದಂತೆ," ಎಂದರು ಅಧ್ಯಕ್ಷರು.

"ಪಾತ್ರೆ ನಮ್ಮದೇ," ಎಂದಳು ಸೊಸೆ. "ಕೆಟ್ಟಿದೆ, ಎಸಿ ಅಂತ ನಾನು ಸ್ಪಷ್ಟವಾಗಿ ಹೇಳಿದ್ದೆ. ಇವಳು ತಗೊಂಡು ಹೋಗಿ ಕೊಟ್ಟಿದ್ದಾಳೆ. ಕೆಳಗೆ ಕೂತು ಟೀ ಕುಡಿಯೋ ಸ್ನೇಹ ಇವರದ್ದು. ನನಗೇನು ಗೊತ್ತು?"

"ಅತ್ತಿಗೆ, ನೀವೇ ಹೇಳಿದ್ದು. ನಾವು ತಿನ್ನಬೇಕು, ಇಲ್ಲ ಅವಳಿಗೆ ಕೊಡಬೇಕು ಅಂದ್ರಿ."

"ಮಗುವಿಗೆ ತಿನ್ನಿಸು ಅಂತೀನಾ ನಾನು? ಟೀಚರ್ ಕಣೇ ನಾನು."

"ಆಗ ಮನೇಲಿ ಬೇರೆ ಯಾರಿದ್ರು?" ಎಂದರು ಅಧ್ಯಕ್ಷರು.

ಎಲ್ಲರೂ ಮಂಚದ ಕಡೆ ತಿರುಗಿದರು. ಅಜ್ಜಿ ಹೊದಿಕೆಯ ಅಂಚು ಮಡಿಸಿದಳು, ಬಿಚ್ಚಿದಳು. ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಅವಳು ಹೇಳಬಹುದೆಂದು ಮಗಳು ಅಂದುಕೊಂಡಳು. ಅಷ್ಟನ್ನು ಅವಳು ಸಹಿಸಿಕೊಳ್ಳುತ್ತಿದ್ದಳು.

"ಎಸಿ ಅಂತಲೇ ಅಂದಿದ್ದು," ಎಂದಳು ಅಜ್ಜಿ. "ನಾನು ಅಲ್ಲೇ ಕೂತಿದ್ದೆ. ಕಿವಿಯಾರೆ ಕೇಳಿದ್ದೀನಿ."

"ಅಮ್ಮ."

"ನನ್ನ ಮೇಲೆ ಕಣ್ಣು ಬಿಟ್ಟರೆ? ನಿನ್ನ ಕೈಯಲ್ಲಿ ತಾನೆ ಹೋದದ್ದು? ಮೆಣಸು ಕುಟ್ಟಿ ಹಾಕಿದೋಳು ನೀನು. ಕೊಡೋ ಮುಂಚೆ ಅವಳಿಗೂ ಮಕ್ಕಳಿದ್ದಾವೆ ಅಂತ ಹೊಳೀಲಿಲ್ವಾ?"

ಗುಬ್ಬಿ ಏನೋ ಹೇಳಲು ಬಾಯಿ ತೆರೆದಳು. ಮಾಮ ಅವಳನ್ನು ಒಳಗೆ ಕಳಿಸಿದ.

ಚಿಕ್ಕವನು ಬದುಕಿಕೊಂಡ. ಪೊಲೀಸಿನ ಮಾತು ಅಲ್ಲಿಗೇ ನಿಂತಿತು. ಕೊನೆಯ ತೂಕದಲ್ಲಿ ಎಲ್ಲಕ್ಕಿಂತ ಕಡಿಮೆ ಬಂದದ್ದು ಮೂರನೇ ಮಹಡಿಯ ಕಸವೇ. ಈ ಗಲಾಟೆಯ ಮಧ್ಯೆ ಬಹುಮಾನ ಕೊಡುವುದು ಸರಿಯೇ ಎಂದು ಎರಡನೇ ಮಹಡಿಯವರು ಕೇಳಿದರು. ಲೆಕ್ಕ ಲೆಕ್ಕವೇ ಎಂದು ಅಧ್ಯಕ್ಷರು ಮಣ್ಣಿನ ಕುಂಡದಲ್ಲಿ ನೆಟ್ಟ ಒಂದು ಗಿಡ ಕೊಟ್ಟರು.

ಮೆಟ್ಟಿಲಿನವಳನ್ನು ಕೆಲಸದಿಂದ ತೆಗೆದರು. ಗಂಡ ಗೇಟಿನಲ್ಲಿ ಅಷ್ಟು ಕೆಟ್ಟದಾಗಿ ಮಾತಾಡಿದ ಮೇಲೆ ಇಟ್ಟುಕೊಳ್ಳುವುದು ಹೇಗೆ? ಅವಳು ಎದ್ದು ಓಡಾಡುವವರೆಗೆ ಮೆಟ್ಟಿಲನ್ನು ಹಾಗೇ ಬಿಡುವುದು ಹೇಗೆ?

ಒಂದು ಸಂಜೆ ಮಗ ತಂಗಿಯನ್ನು ಬಾಲ್ಕನಿಗೆ ಕರೆದ.

"ಇನ್ನು ನೀವಿಬ್ಬರೂ ಒಂದೇ ಮನೇಲಿರೋದು ಕಷ್ಟ," ಎಂದ. "ನಾನು ಅಧ್ಯಕ್ಷರ ಹತ್ರ ಮಾತಾಡಿದ್ದೀನಿ. ಕೆಳಗಿನ ಕೋಣೆ ಖಾಲಿ ಇದೆ. ಗುಬ್ಬಿ ಶಾಲೆ ಬದಲಾಯಿಸೋದು ಬೇಡ. ಲಾಂಡ್ರಿಗೆ ಹೋಗೋ ಮುಂಚೆ ಮೆಟ್ಟಿಲು ಮುಗಿಸಿಕೊಂಡರೆ ಆಯ್ತು."

"ಅಣ್ಣ, ಅದು ಅವಳ ಮನೆ."

"ಮನೆ ಅಲ್ಲ, ಸಂಘದ ಕೋಣೆ. ನೀನು ಬೇಡ ಅಂದರೆ ಬೇರೆ ಯಾರಿಗಾದರೂ ಕೊಡ್ತಾರೆ."

"ನಿನ್ನ ತಂಗಿ ನಿನ್ನ ಮೆಟ್ಟಿಲು ಗುಡಿಸಿದರೆ ನಿನಗೆ ನಾಚಿಕೆ ಆಗಲ್ವಾ?"

ಮಗ ಬೀದಿಯ ಕಡೆ ನೋಡಿದ. "ಆಗುತ್ತೆ," ಎಂದ. "ಕೆಳಗಿದ್ದರೆ ಹತ್ತಿ ಇಳಿಯುವಾಗ ಮಾತ್ರ ಆಗುತ್ತೆ."

ಹೊರಡುವ ದಿನ ಸಾಮಾನು ಹೆಚ್ಚಿರಲಿಲ್ಲ. ಸೊಸೆ ಒಂದು ಹಳೆಯ ಚಾಪೆ ತಂದು ಬಾಗಿಲಲ್ಲಿಟ್ಟಳು. "ಇದನ್ನೂ ತಗೊಂಡು ಹೋಗು. ಅಂಚು ಹರಿದಿದೆ ಅಷ್ಟೇ, ಎಸೆಯೋಕೆ ಮನಸ್ಸು ಬರಲ್ಲ." ಅಜ್ಜಿ ಮಂಚದಿಂದ ಇಳಿಯಲಿಲ್ಲ. ಮಂಡಿ ನೋವು ಎಂದಳು. ಗುಬ್ಬಿ ಹತ್ತಿರ ಹೋದಾಗ ಅವಳ ತಲೆ ಸವರಿ, "ದಿನಾ ಮೇಲೆ ಬಾ, ಯಾರೂ ಇಲ್ಲದಾಗ," ಎಂದಳು.

ಕೆಳಗಿನ ಕೋಣೆಯಲ್ಲಿ ಎಷ್ಟು ತೊಳೆದರೂ ಪಂಪಿನ ಎಣ್ಣೆಯ ವಾಸನೆ ಇತ್ತು. ಗೋಡೆಯ ಮೇಲೆ ಆ ಹುಡುಗರು ಇದ್ದಿಲಿನಲ್ಲಿ ಗೀಚಿದ ಲಾರಿಯ ಚಿತ್ರಗಳಿದ್ದವು. ಕೆಲಸ ಹಿಡಿದ ಎರಡನೇ ವಾರ, ಮಗಳು ಮೊದಲ ಮಹಡಿಯ ತಿರುವು ಗುಡಿಸಿ ಇಳಿಯುವಾಗ ಕೋಣೆಯ ಬಾಗಿಲಲ್ಲಿ ಮೆಟ್ಟಿಲಿನವಳು ನಿಂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಸೊಂಟದ ಮೇಲಿದ್ದ ಚಿಕ್ಕವನ ಕತ್ತು ಅವಳ ಹೆಗಲಿಗೆ ಆತುಕೊಂಡಿತ್ತು.

"ನನ್ನ ಪಾತ್ರೆ ಇದ್ವು," ಎಂದಳು.

ಮಗಳು ಪೊರಕೆ ಪಕ್ಕಕ್ಕಿಟ್ಟು ಮೂಲೆಯಲ್ಲಿ ಜೋಡಿಸಿಟ್ಟಿದ್ದ ಪಾತ್ರೆಗಳನ್ನು ತಂದುಕೊಟ್ಟಳು. ಮೆಟ್ಟಿಲಿನವಳು ಮಗುವನ್ನು ನೆಲಕ್ಕೆ ಕೂರಿಸಿ ಒಂದೊಂದನ್ನೇ ಚೀಲಕ್ಕೆ ಹಾಕತೊಡಗಿದಳು.

"ನನಗೆ ಗೊತ್ತಿತ್ತು," ಎಂದಳು ಮಗಳು. "ಹುಳಿ ಬಂದಿತ್ತು. ವಾಸನೆ ಬರಬಾರದು ಅಂತ ಮೆಣಸು ನಾನೇ ಹಾಕಿದ್ದು."

ಮೆಟ್ಟಿಲಿನವಳ ಕೈ ನಿಲ್ಲಲಿಲ್ಲ. "ಮುಚ್ಚಳ ತೆಗೆದಾಗ ನನಗೂ ಅನುಮಾನ ಬಂತು. ಆದರೆ ನೀವು ನಾವೂ ತಿಂದ್ವಿ ಅಂದಿದ್ರಲ್ಲ. ಗುಬ್ಬಿ ತಿಂದಿರೋದು ಇವನೂ ತಿನ್ನಲಿ ಅಂತ ಹಾಕಿದೆ."

ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಸೀಬಹುದಿತ್ತು ನೀನು," ಎಂದಳು. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಕೇಳಿಸಿತು.

"ಹಿಂದೆ ಒಂದ್ಸಲ ಎರಡನೇ ಮಹಡಿಯವರು ಕೊಟ್ಟಿದ್ದನ್ನ ನಾಯಿಗೆ ಹಾಕಿದ್ದೆ. ಯಾರೋ ನೋಡಿದ್ರು. ಸೊಕ್ಕು ಬಂದಿದೆ ಅಂತ ತಿಂಗಳೆಲ್ಲ ಮಾತಾಡಿದ್ರು, ಕೆಲಸದಿಂದ ತೆಗೀತೀವಿ ಅಂದ್ರು." ಅವಳು ಚೀಲದ ಬಾಯಿ ಕಟ್ಟಿ, ಮಗುವನ್ನು ಎತ್ತಿಕೊಂಡಳು. "ಈ ಕೋಣೇಲಿ ಇರೋರು ಕೊಟ್ಟಿದ್ದನ್ನ ಬೇಡ ಅನ್ನಬಾರದು. ನಿಮಗೂ ಗೊತ್ತಾಗುತ್ತೆ."

ಗೇಟಿನ ಕಡೆ ನಡೆದಳು. ಅವಳು ಹೋಗುವುದನ್ನು ಮಗಳು ನೋಡುತ್ತಿರುವಾಗ ಮೇಲಿಂದ ಧಡಧಡ ಇಳಿದು ಬಂದವಳು ಚಿನ್ನಿ. ಕೈಯಲ್ಲಿ ಮುಚ್ಚಿದ ಡಬ್ಬಿ.

"ಅತ್ತೆ, ಅಮ್ಮ ಕೊಟ್ಟಳು. ಡಬ್ಬಿ ತೊಳೆದು ಇವತ್ತೇ ವಾಪಸ್ ಕೊಡಬೇಕಂತೆ."

ಗುಬ್ಬಿ ಒಳಗಿನಿಂದ ಬಂದು ಅಮ್ಮನ ಪಕ್ಕ ನಿಂತಳು. ಮಗಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡಳು. ಮುಚ್ಚಳ ತೆಗೆಯಲಿಲ್ಲ.

"ಚೆನ್ನಾಗಿತ್ತು ಅಂತ ಅಮ್ಮನಿಗೆ ಹೇಳು," ಎಂದಳು.